ಆಟ ನಿಂತರೆ ನಷ್ಟ ಯಾರಿಗೆ?

ಪ್ರಶ್ನೆ: ಕೋವಿಡ್ ಕಾಲದಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರರು ಸಂಬಳಕ್ಕಾಗಿ ತಂಡದ ಮಾಲೀಕರ ಜೊತೆ ಜಗಳಕ್ಕಿಳಿದರಂತೆ. ನಮ್ಮ ರಣಜಿ ಆಟಗಾರರ ವಿಷಯದಲ್ಲಿ ಹಾಗೇಕೆ ಆಗಲಿಲ್ಲ? – ಓದುಗರು, ಗೊಟ್ಟಿಗೆರೆ

ಉತ್ತರ: ಚೌಕಾಸಿಗೆ ಎದುರುಬದುರು ಇಬ್ಬರು ಕೂರಬೇಕು, ನಮ್ಮಲ್ಲಿ ಆಟಗಾರರ ಕಡೆಯ ಕುರ್ಚಿಯೇ ಖಾಲಿ. 2020ರಲ್ಲಿ ಅಲ್ಲಿನ ಲೀಗ್ 162 ಪಂದ್ಯಗಳಿಂದ 60ಕ್ಕೆ ಇಳಿದಾಗ, ಆಡಿದ ಪಂದ್ಯಗಳಿಗಾದರೂ ಪೂರ್ತಿ ದರ ಕೊಡಿ ಎಂದು ಆಟಗಾರರ ಸಂಘ ಪಟ್ಟು ಹಿಡಿಯಿತು. ಅದರಲ್ಲೂ ಕಡಿತ ಬೇಕೆಂದ ಮಾಲೀಕರ ಮಾತು ನಡೆಯಲಿಲ್ಲ. ಭಾರತೀಯ ಕ್ರಿಕೆಟಿಗರ ಸಂಘವೇನೋ ಇದೆ, ಆದರೆ ಅದು ನಿವೃತ್ತರದು. ರಣಜಿ ಆಟಗಾರನಿಗೆ ಆಗ ದಿನಕ್ಕೆ 35,000 ರೂಪಾಯಿ, ಅದೂ ಪಂದ್ಯ ನಡೆದರೆ. ನಾಲ್ಕು ದಿನಗಳ ಎಂಟು ಲೀಗ್ ಪಂದ್ಯ ಆಡಿದರೆ 11.2 ಲಕ್ಷ. 1934ರಲ್ಲಿ ಶುರುವಾದ ಟೂರ್ನಿ 2020-21ರಲ್ಲಿ ಮೊದಲ ಸಲ ರದ್ದಾದಾಗ ಆ ಮೊತ್ತ ಸೊನ್ನೆಯಾಯಿತು. ಐಪಿಎಲ್ ಕರೆ ಬಾರದ ಹುಡುಗನಿಗೆ ಮನೆ ಬಾಡಿಗೆ, ಸಾಲದ ಕಂತು ಕಟ್ಟಲು ಇದ್ದ ದೊಡ್ಡ ಆಸರೆ ಇದೇ.

ಆ ನಷ್ಟ ತುಂಬಿಕೊಡಬೇಕು ಎಂದರೆ, ಆಡದವರಿಗೆ ಹಣವೇಕೆ, ಕೂಲಿಕಾರರಿಗೆ ಯಾರು ಕೊಟ್ಟರು ಎನ್ನುವವರಿದ್ದಾರೆ. ಕೂಲಿಕಾರರಿಗೂ ಸಿಗಬೇಕಿತ್ತು, ನಿಜ. ಒಬ್ಬರಿಗಾದ ಅನ್ಯಾಯ ಇನ್ನೊಬ್ಬರ ಅನ್ಯಾಯಕ್ಕೆ ಸಮರ್ಥನೆಯಾಗದು. ಮೇಲಾಗಿ ಇಲ್ಲಿ ಹಣದ ಸೆಲೆ ಬತ್ತಿರಲಿಲ್ಲ. ಟೈಟಲ್ ಪ್ರಾಯೋಜಕತ್ವ 440 ಕೋಟಿಯಿಂದ 222 ಕೋಟಿಗೆ ಇಳಿದರೂ 2020ರ ಐಪಿಎಲ್ ಯುಎಇಯಲ್ಲಿ ಪೂರ್ತಿ ನಡೆಯಿತು. ಕೊನೆಗೆ ಭಾರತೀಯ ಕ್ರಿಕೆಟ್ ಮಂಡಳಿಯೇ ಹೊಣೆ ಒಪ್ಪಿಕೊಂಡು, ಹಿಂದಿನ ಋತುವಿನಲ್ಲಿ ಆಡಿದ್ದವರಿಗೆ ಪಂದ್ಯ ಶುಲ್ಕದ ಶೇ 50ರಷ್ಟು ಪರಿಹಾರ ಘೋಷಿಸಿತು. ಅದು 2021ರ ಸೆಪ್ಟೆಂಬರ್‌ನಲ್ಲಿ, ಟೂರ್ನಿ ರದ್ದಾಗಿ ಸುಮಾರು ಎಂಟು ತಿಂಗಳ ಮೇಲೆ. ದಿನದ ದರವನ್ನೂ ಅನುಭವಕ್ಕೆ ತಕ್ಕಂತೆ 40,000ದಿಂದ 60,000ಕ್ಕೆ ಏರಿಸಿದರು. ಆದರೆ ಅದೂ ಪಂದ್ಯ ನಡೆದ ದಿನಗಳಿಗೆ ಮಾತ್ರ.