ಸಂಕಲ್ಪ ಹೊತ್ತ ಕಾಫಿಗಾಡಿ

ಲಂಡನ್ನಿನಲ್ಲಿ ‘ಚೇಂಜ್ ಪ್ಲೀಸ್’ ಎಂದು ಬರೆದ ಕಾಫಿಗಾಡಿ ಕಂಡರೆ, ಒಳಗೆ ನಿಂತು ಹಾಲು ಕಾಯಿಸುತ್ತಿರುವವರು ಕೆಲ ತಿಂಗಳ ಹಿಂದೆ ಫುಟ್‌ಪಾತಿನಲ್ಲಿ ಮಲಗುತ್ತಿದ್ದವರಾಗಿರಬಹುದು. 2015ರಲ್ಲಿ ಜೆಮಾಲ್ ಎಜೆಲ್ ಎಂಬವರು ಕಟ್ಟಿದ ಈ ಸಂಸ್ಥೆ, ಸೂರು ಕಳೆದುಕೊಂಡವರಿಗೆ ಕಾಫಿಯ ಕಸುಬು ಕಲಿಸಿ, ಆ ದುಬಾರಿ ಊರಿನಲ್ಲಿ ಬದುಕಲು ಸಾಲುವಷ್ಟು ಸಂಬಳ ಕೊಡುತ್ತದೆ. ಮನೆ ಹುಡುಕಲು, ಬ್ಯಾಂಕ್ ಖಾತೆ ತೆರೆಯಲು ಜೊತೆಗೆ ನಿಲ್ಲುತ್ತದೆ. ಖಾತೆ ತೆರೆಯುವುದೇನು ಮಹಾ ಅನ್ನಿಸೀತು. ಆದರೆ ವಿಳಾಸವಿಲ್ಲದೆ ಖಾತೆ ಸಿಗುವುದು ಕಷ್ಟ, ಖಾತೆಯಿಲ್ಲದೆ ಸಂಬಳ ಜಮೆಯಾಗದು, ಸಂಬಳದ ಚೀಟಿ ತೋರಿಸದೆ ಬಾಡಿಗೆಮನೆ ಸಿಗದು. ಬೀದಿಗೆ ಬಿದ್ದವರು ಮೇಲೇಳಲಾಗದೆ ಒದ್ದಾಡುವುದು ಇಲ್ಲೇ.

ಗಾಡಿಯ ಕೆಲಸ ನೋಡಲು ಸಲೀಸು. ಹದಿನೆಂಟು ಗ್ರಾಂ ಪುಡಿಯನ್ನು ಹಿಡಿಕೆಯ ಜಾಲರಿಗೆ ತುಂಬಿ, ಮಟ್ಟಸವಾಗಿ ಒತ್ತಿ, ಯಂತ್ರಕ್ಕೆ ಸಿಕ್ಕಿಸಬೇಕು. ಇಪ್ಪತ್ತೈದು-ಮೂವತ್ತು ಸೆಕೆಂಡಿನಲ್ಲಿ ಜೇನುಬಣ್ಣದ ಧಾರೆ ಇಳಿಯಬೇಕು. ಹತ್ತೇ ಸೆಕೆಂಡಿಗೆ ಸುರಿದರೆ ಪುಡಿ ದಪ್ಪವಾಯಿತು ಅಂತ, ತೊಟ್ಟಿಕ್ಕಿದರೆ ತೀರ ನುಣ್ಣಗಾಯಿತು ಅಂತ. ಹಬೆಯ ಕೊಳವೆಯನ್ನು ಹಾಲಿನ ಮೇಲ್ಮೈಗೆ ತಾಗಿಸಿದಾಗ ಕಾಗದ ಹರಿದಂಥ ಚರಚರ ಸದ್ದು ಬರುತ್ತದೆ. ಒಂದಷ್ಟು ನೊರೆ ಎದ್ದಮೇಲೆ ಕೊಳವೆಯನ್ನು ಕೊಂಚ ಕೆಳಗಿಳಿಸಿ ಹಾಲು ತಿರುಗಿಸಿ, ಅರವತ್ತೈದು ಡಿಗ್ರಿ ದಾಟುವ ಮೊದಲೇ ನಿಲ್ಲಿಸಬೇಕು. ಕೊಳವೆಯನ್ನು ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ಹಾಲು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕರೆಂಟ್ ಸಿಗದ ಕಡೆ ಗ್ಯಾಸಿನಲ್ಲಿ ಕಾಯುವ ಯಂತ್ರವೂ ಬ್ಯಾಟರಿಯೂ ಬೇಕು. ಎದುರಿಗೆ ರೈಲು ಹಿಡಿಯಲು ಓಡುವವರ ಸಾಲು. ಇಷ್ಟನ್ನು ಕಲಿತು ನಿಭಾಯಿಸಿದವರಿಗೆ ಯಾವ ಹೋಟೆಲಿನಲ್ಲೂ ಕೆಲಸ ಕೇಳುವ ಧೈರ್ಯ ಬರುತ್ತದೆ.

ಬೀದಿಯಲ್ಲಿ ಕಾಫಿ ಮಾರುವುದು ಇಂದಿನದಲ್ಲ. ಲಂಡನ್ನಿನ ಬಡವರ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ, 1851ರ ಹೊತ್ತಿಗೇ ಬೀದಿಮೂಲೆಯ ಕಾಫಿ ಅಂಗಡಿಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ತಗಡಿನ ಡಬ್ಬಿ, ಕೆಳಗೆ ಇದ್ದಿಲ ಕೆಂಡ, ಒಂದು ಪೆನ್ನಿ ಕಾಸಿಗೆ ಒಂದು ಲೋಟ, ಅರ್ಧ ಪೆನ್ನಿಗೆ ಅರ್ಧ ಲೋಟ. ಪುಡಿಗೆ ಚಿಕೋರಿ ಬೆರೆಸುತ್ತಿದ್ದರು. ಅದನ್ನು ಕಲಬೆರಕೆ ಎಂದು ಬಯ್ಯಲು, ಚಿಕೋರಿ ಕಾಫಿ ಕುಡಿಯುವ ನಮಗಂತೂ ಬಾಯಿಲ್ಲ.

ಧರ್ಮಸಂಸ್ಥೆಯೊಂದು ಇಂಥ ಗಾಡಿ ಹತ್ತಿದ್ದು ನ್ಯೂಯಾರ್ಕಿನಲ್ಲಿ. ಅಲ್ಲಿನ ಮದ್ಯದಂಗಡಿಗಳಲ್ಲಿ ಆಗ ಒಂದು ಗ್ಲಾಸ್ ಬಿಯರ್ ಕೊಂಡರೆ ಊಟ ಪುಕ್ಕಟೆ ಸಿಗುತ್ತಿತ್ತು. ರಾತ್ರಿಪಾಳಿ ಮುಗಿಸಿದ ಕೂಲಿಕಾರನಿಗೆ ಹಸಿವು ತೀರಿಸಲು ಬೇರೆ ಬಾಗಿಲು ತೆರೆದಿರುತ್ತಿದ್ದುದು ಅಪರೂಪ. ಕುಡಿತ ಬಿಡಿಸಲು ಹೊರಟ ಚರ್ಚ್ ಟೆಂಪರೆನ್ಸ್ ಸೊಸೈಟಿ 1893ರಲ್ಲಿ ‘ಔಲ್’ ಎಂಬ ಕುದುರೆಗಾಡಿಯನ್ನು ರಾತ್ರಿ ಬೀದಿಗೆ ತಂದು, ಅಗ್ಗದ ಬೆಲೆಗೆ ಬಿಸಿ ಕಾಫಿ, ತಿಂಡಿ ಮಾರಿತು. ಮಾರಿತು ಅನ್ನುವುದೇ ನನಗೆ ಇಲ್ಲಿ ಮುಖ್ಯ. ಹಂಚಿದ್ದರೆ ಅದು ಅನ್ನಛತ್ರವಾಗುತ್ತಿತ್ತು, ಕುಡಿಯುವವನು ತಲೆ ತಗ್ಗಿಸಿ ನಿಲ್ಲಬೇಕಿತ್ತು. ಕಾಸು ಕೊಟ್ಟವನಿಗೆ ‘ನಿನ್ನೆಯಷ್ಟು ಸ್ಟ್ರಾಂಗ್ ಇಲ್ಲವಲ್ಲ’ ಎನ್ನುವ ಹಕ್ಕಿರುತ್ತದೆ.

ಆ ಹಕ್ಕನ್ನು ಮರೆತವರು ಕೈಸುಟ್ಟುಕೊಂಡದ್ದೂ ಉಂಟು. 1870ರ ದಶಕದಲ್ಲಿ ಇಂಗ್ಲೆಂಡಿನ ಪಾನವಿರೋಧಿಗಳು ಊರೂರಲ್ಲಿ ಕಾಫಿಮನೆ ತೆರೆದರು. ಎಷ್ಟೋ ಕಡೆ ಉಪದೇಶ ಗಟ್ಟಿ, ಕಾಫಿ ತೆಳು. ಗಿರಾಕಿ ಮರಳಿ ಬರಲಿಲ್ಲ. ಆದರೆ ಲಿವರ್‌ಪೂಲಿನಲ್ಲಿ 1875ರಲ್ಲಿ ಶುರುವಾದ ಕಂಪನಿಯೊಂದು ಕಾಫಿಮನೆಗಳನ್ನು ಅಪ್ಪಟ ವ್ಯಾಪಾರವಾಗಿ ನಡೆಸಿ ಶೇರುದಾರರಿಗೆ ಲಾಭಾಂಶವನ್ನೂ ಹಂಚಿತು.

ಕಾಫಿಗೂ ಧರ್ಮಕ್ಕೂ ಇರುವ ನಂಟು ಇದಕ್ಕಿಂತ ಹಳೆಯದು. ಹದಿನೈದನೇ ಶತಮಾನದ ಯೆಮನ್ನಿನ ಸೂಫಿಗಳು ರಾತ್ರಿಯ ಜಪಕ್ಕೆ ನಿದ್ದೆಗೆಡಲು ಇದನ್ನು ಕುಡಿಯುತ್ತಿದ್ದರು. ಮೋಕಾದಿಂದ ಏಳು ಬೀಜ ತಂದರೆಂದು ಚಿಕ್ಕಮಗಳೂರು ನಂಬಿರುವ ಬಾಬಾಬುಡನ್ ಕೂಡ ಸೂಫಿ ಸಂತರೇ.

ನಮ್ಮಲ್ಲಿ ಗಾಡಿಗೇನೂ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಸೈಕಲ್ಲಿಗೆ ಫ್ಲಾಸ್ಕ್ ಕಟ್ಟಿಕೊಂಡು ರಾತ್ರಿಯಿಡೀ ಕಾಫಿ ಮಾರುವವರಿದ್ದಾರೆ. ಅವರ ಬೆನ್ನಿಗೆ ಯಾವ ಟ್ರಸ್ಟೂ ಇಲ್ಲ. ಹೊಸದಾಗಿ ‘ಸೇವಾಕಾಫಿ’ ಶುರುಮಾಡಹೊರಟವರು ಮೊದಲು ಅವರೊಡನೆ ಒಂದು ರಾತ್ರಿ ಕಳೆಯುವುದು ಲೇಸು: ಯಾವ ಹೊತ್ತಿಗೆ ಎಲ್ಲಿ ಗಿರಾಕಿ, ಯಾರು ಸಾಲ ಹೇಳುತ್ತಾರೆ, ಯಾರು ಎಬ್ಬಿಸಿ ಓಡಿಸುತ್ತಾರೆ ಎಲ್ಲ ಗೊತ್ತಾಗುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸುತ್ತಾಡಿ ಮಾರುವವರನ್ನೂ ಒಳಗೊಳ್ಳುತ್ತದೆ. ಅದರಡಿ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು, ಆಹಾರ ಸುರಕ್ಷತೆಯ ನಿಯಮಗಳನ್ನೂ ಪಾಲಿಸಬೇಕು. ಜೊತೆಗೆ, ಲಾಭದಲ್ಲಿ ಎಷ್ಟು ಪಾಲು ಯಾರಿಗೆ ಎಂಬುದನ್ನು ಗಾಡಿ ಹೊರಡುವ ಮುನ್ನವೇ ಕಾಗದದ ಮೇಲೆ ಬರೆದಿಡಲಿ. ದುಡ್ಡು ಬರತೊಡಗಿದ ಮೇಲೆ ಕೂತು ಹಂಚಿಕೆಯ ಮಾತಾಡುವುದು ಕಷ್ಟ.