ಮರುಕಳಿಸುವ ಗಾಯವೂ ಕಾರ್ಮಿಕರ ಪರಿಹಾರದ ಕಾಯಿದೆಯೂ

ಬ್ರಿಟನ್ನಿನ ಪಾರ್ಲಿಮೆಂಟು 1897ರಲ್ಲಿ ಕಾರ್ಮಿಕರ ಪರಿಹಾರದ ಕಾಯಿದೆಯನ್ನು ಅಂಗೀಕರಿಸಿದಾಗ, ಕೆಲವು ಅಪಾಯಕರ ಉದ್ಯೋಗಗಳ ಮಟ್ಟಿಗಾದರೂ, ಮಾಲೀಕನ ಅಲಕ್ಷ್ಯವನ್ನು ಸಿದ್ಧಪಡಿಸಬೇಕಾದ ಹೊರೆ ಕೆಲಸಗಾರನಿಂದ ಇಳಿಯಿತು. ಉದ್ಯೋಗದ ಕಾರಣದಿಂದ, ಉದ್ಯೋಗದ ಅವಧಿಯಲ್ಲಿ ಒದಗಿದ 'ಅಪಘಾತ'ದಿಂದ ದೇಹಕ್ಕೆ ಹಾನಿಯಾಗಿದ್ದರೆ ಸಾಕು. ಹಗ್ಗ ಹರಿದು ತೊಲೆ ಬಿದ್ದರೆ ಅದಕ್ಕೆ ದಿನವುಂಟು, ಗಳಿಗೆಯುಂಟು, ಕಂಡವರುಂಟು. ಆದರೆ ಒಂದೇ ಕೆಲಸವನ್ನು ಸಾವಿರಾರು ಸಲ ಮಾಡಿ ಸವೆದ ಕೀಲಿಗೆ, ವಾಸಿಯಾದಂತೆ ತೋರಿ ಮತ್ತೆ ಕೆರಳುವ ಬೇನೆಗೆ ಯಾವ ತಾರೀಖನ್ನು ಹಾಕಬೇಕು? ಅಪಘಾತದ ತಾರೀಖನ್ನು ಮಾಲೀಕನಿಗೆ ತಿಳುಹಬೇಕೆಂಬ ವಿಧಿಯೂ ಇದ್ದುದರಿಂದ ಇದು ಬರಿಯ ಶಬ್ದಾರ್ಥದ ಚರ್ಚೆಯಾಗಿರಲಿಲ್ಲ. ಕೂಲಿಯಿಲ್ಲದೆ ಮನೆಯಲ್ಲಿ ಕುಳಿತವನ ಅನ್ನದ ಪ್ರಶ್ನೆಯಾಗಿತ್ತು.

1903ರಲ್ಲಿ ಯಂತ್ರದ ಚಕ್ರವನ್ನು ಬಲವಂತವಾಗಿ ತಿರುಗಿಸಲು ಹೋಗಿ ಹರ್ನಿಯಾ ಉಂಟಾದವನ ಮೊಕದ್ದಮೆಯಲ್ಲಿ ಲಾರ್ಡ್ಸ್ ಸಭೆಯು 'ಅಪಘಾತ'ಕ್ಕೆ ಉದಾರವಾದ ಅರ್ಥವನ್ನು ಕೊಟ್ಟಿತು: ನಿರೀಕ್ಷಿಸದೆ, ಉದ್ದೇಶಿಸದೆ ಬಂದ ಕೇಡು ಅಪಘಾತವೇ. ಆದರೆ 1905ರಲ್ಲಿ, ಸೀಸದ ವಿಷ ಮೆಲ್ಲಮೆಲ್ಲನೆ ಮೈಗೇರಿದ್ದವನಿಗೆ ಅಪೀಲು ನ್ಯಾಯಾಲಯವು ಪರಿಹಾರವನ್ನು ನಿರಾಕರಿಸಿತು. ವಿಷವೇರಿದ ದಿನ ಯಾವುದೆಂದು ಯಾರೂ ಹೇಳಲಾರರಷ್ಟೆ! 1906ರ ಕಾಯಿದೆ ಆರು ಉದ್ಯೋಗರೋಗಗಳ ಪಟ್ಟಿಯನ್ನು ಸೇರಿಸಿ ಈ ಅನ್ಯಾಯವನ್ನು ಸ್ವಲ್ಪ ಸರಿಪಡಿಸಿತು. ಗುದ್ದಲಿ ಹಿಡಿದು ಊದಿದ ಅಂಗೈ, ಊರಿ ಊರಿ ಕೀವುಗಟ್ಟಿದ ಮೊಣಕಾಲು, ಬಳಿಕ ತಂತಿಯವರ ಕೈಸೆಳೆತ ಇವೂ ಪಟ್ಟಿಗೆ ಸೇರಿದುವು. ಪಟ್ಟಿಯ ಹೊರಗುಳಿದವರಿಗೆ 1921ರ ಒಂದು ತೀರ್ಪು ನೆರವಾಯಿತು. ಹೆಣ್ಣುಕೆಲಸಗಾರಳೊಬ್ಬಳ ಕೈಗೆ ಆಗಾಗ್ಗೆ ತಗುಲಿದ ಸಣ್ಣ ಗಾಯಗಳಿಂದ ನಂಜೇರಿತ್ತು. ಪ್ರತಿಯೊಂದು ಗಾಯವೂ ಒಂದು ಅಪಘಾತವೇ ಆದುದರಿಂದ ಅವುಗಳ ಒಟ್ಟು ಫಲಕ್ಕೆ ಪರಿಹಾರ ಸಲ್ಲುವುದೆಂದು ಲಾರ್ಡ್ಸ್ ಸಭೆ ನಿರ್ಣಯಿಸಿತು. ತಾರೀಖಿನ ಗಂಟನ್ನು ಬಿಚ್ಚಿದ ಬಗೆ ಇದು. ಜಾಣತನದ್ದೆಂದೇ ನಮಗೆ ತೋರುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಜಗಳವನ್ನು ಹುಟ್ಟಿಸಿದ್ದು ಕಲ್ಲಿದ್ದಲ ಗಣಿಗಳ ಕಣ್ಣಿನ ರೋಗ, ನಿಸ್ಟಾಗ್ಮಸ್. 1907ರಲ್ಲಿ ಪಟ್ಟಿಗೆ ಸೇರಿದ ಈ ರೋಗದಲ್ಲಿ ಕಣ್ಣಾಲಿಗಳು ತಾವಾಗಿ ಅಲುಗುತ್ತಿದ್ದುವು. ಮಂದ ಬೆಳಕಿನಲ್ಲಿ ದುಡಿಯುವುದೇ ಇದಕ್ಕೆ ಮುಖ್ಯ ಕಾರಣವೆಂದು 1922ರಲ್ಲಿ ವೈದ್ಯಸಮಿತಿಯೊಂದು ಹೇಳಿತು. ರೋಗಿ ಮೇಲೆ ಬಂದು ಬಿಡುವು ಪಡೆದರೆ ಶಮನ; ಮರಳಿ ಗಣಿಗಿಳಿದರೆ ಮತ್ತೆ ಉಲ್ಬಣ. ಹಿಂದಿನ ರೋಗವೇ ಮರುಕಳಿಸಿತೆ, ಹೊಸದಾಗಿ ಬಂದಿತೆ, ಅಥವಾ ಕೆಲಸಗಳ್ಳತನದ ನೆವವೆ? ಕಣ್ಣಲುಗುವುದು ನಿಂತಮೇಲೂ ತಲೆಸುತ್ತು, ಅಂಜಿಕೆಗಳು ಉಳಿದರೆ ಅವಕ್ಕೆ ಹೊಣೆ ಯಾರು? ಮಾಲೀಕನ ವೈದ್ಯನೊಂದು ಹೇಳುವನು, ಕಾರ್ಮಿಕಸಂಘದ ವೈದ್ಯನೊಂದು. ಕೊನೆಗೆ ಸರ್ಕಾರ ನೇಮಿಸಿದ ವೈದ್ಯಪಂಚನ ಮಾತೇ ಗತಿ. ರೋಗಿಯ ಮಾತಿಗಿಂತ ಪ್ರಮಾಣಪತ್ರಕ್ಕೆ ಬೆಲೆ ಬಂದ ಕಾಲವದು.

1946ರ ಶಾಸನವು 1948ರ ಜುಲೈ 5ರಂದು ಜಾರಿಗೆ ಬಂದು ಮಾಲೀಕನ ಹೊಣೆಯನ್ನು ರಾಷ್ಟ್ರೀಯ ವಿಮೆಗೆ ವರ್ಗಾಯಿಸಿತಾದರೂ, ಅಪಘಾತ ಬೇರೆ, ಪಟ್ಟಿಯ ರೋಗ ಬೇರೆ ಎಂಬ ಭೇದ ಅಳಿಯಲಿಲ್ಲ. ವರ್ಷಗಟ್ಟಲೆ ಧೂಳು ಸೇರಿ ಬಂದ ಸಿಲಿಕೋಸಿಸ್ ಅಪಘಾತವಲ್ಲವೆಂದು ಲಾರ್ಡ್ಸ್ ಸಭೆ ತೀರ್ಮಾನಿಸಿದುದೂ 1948ರಲ್ಲಿಯೇ.

ಭಾರತದ 1923ರ ಕಾಯಿದೆ ಬ್ರಿಟಿಷ್ ಕಾಯಿದೆಯ ಪದಗಳನ್ನೇ ಎರವಲು ಪಡೆದುದರಿಂದ ಅದರ ತೊಡಕುಗಳೂ ಇಲ್ಲಿಗೆ ಬಂದುವು. ಕೋಲಾರದ ಚಿನ್ನದ ಗಣಿಗಳ ಧೂಳಿಗೂ ತಾರೀಖಿರಲಿಲ್ಲ. ಮೈಸೂರು ಸಂಸ್ಥಾನವು 1940ರಲ್ಲಿ ಸಿಲಿಕೋಸಿಸ್ ರೋಗಕ್ಕಾಗಿಯೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು.