ಅದೇ ಮಾತ್ರೆ, ಅದೇ ಡೋಸು: ಮತ್ತೇಕೆ ರಕ್ತಪರೀಕ್ಷೆ?

ಬೈಪೋಲಾರ್ ಕಾಯಿಲೆಯಿರುವ ಹುಡುಗನ ತಾಯಿಯೊಬ್ಬರು ಕೇಳಿದ್ದಾರೆ: "ನಾಲ್ಕು ವರ್ಷದಿಂದ ಅದೇ ಲಿಥಿಯಂ ಮಾತ್ರೆ, ಅದೇ ಡೋಸು. ಮಗ ಚೆನ್ನಾಗಿಯೇ ಇದ್ದಾನೆ. ಆದರೂ ಕೆಲವು ತಿಂಗಳಿಗೊಮ್ಮೆ ರಕ್ತ ಕೊಡಿ ಅಂತಾರಲ್ಲ, ಯಾಕೆ?"

ಇದರ ಉತ್ತರ ಇರುವುದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಸಿಂಗಪುರದ ಚಾಂಗಿಯ ಜಪಾನಿ ಸೆರೆಯಲ್ಲಿ ಮೂರೂವರೆ ವರ್ಷ ಕಳೆದು ಬಂದ ವೈದ್ಯ ಜಾನ್ ಕೇಡ್, ಬುಂಡೂರಾ ಆಸ್ಪತ್ರೆಯಲ್ಲಿ ಯಾರೂ ಬಳಸದ ಉಗ್ರಾಣವನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರು. ಉನ್ಮಾದದ ರೋಗಿಗಳ ಮೂತ್ರದಲ್ಲಿ ಏನೋ ವಿಷವಿದೆ ಎಂಬ ಗುಮಾನಿಯಿಂದ ಅದನ್ನು ಗಿನಿಪಿಗ್‌ಗಳಿಗೆ ಚುಚ್ಚಿ ನೋಡುತ್ತಿದ್ದರು. ಮೂತ್ರದಲ್ಲಿರುವ ಯೂರಿಕ್ ಆಮ್ಲವನ್ನೂ ಚುಚ್ಚಿ ನೋಡಬೇಕಿತ್ತು, ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು. ಕರಗಲಿ ಎಂದು ಅದರ ಲಿಥಿಯಂ ಲವಣ ತಂದರು. ಅದನ್ನು ಚುಚ್ಚಿದ ಮೇಲೆ, ಮುಟ್ಟಿದರೆ ಬೆಚ್ಚುವ ಪ್ರಾಣಿಗಳು ಅಂಗಾತ ಮಲಗಿಸಿದರೂ ಒದ್ದಾಡದೆ ಅವರನ್ನೇ ನೋಡುತ್ತಿದ್ದವು. ಅವಕ್ಕೆ ನಂಜೇರಿದ್ದಿರಬೇಕು ಎಂದು ಆಮೇಲೆ ಹಲವರು ಹೇಳಿದರು; ನನಗೂ ಹಾಗೇ ಅನ್ನಿಸುತ್ತದೆ. ಕೇಡ್ ಲಿಥಿಯಂ ಅನ್ನು ಮೊದಲು ತಾವೇ ನುಂಗಿದರು. 1948ರ ಮಾರ್ಚ್‌ನಲ್ಲಿ, ಐದು ವರ್ಷದಿಂದ ಉನ್ಮಾದ ಇಳಿಯದ 51ರ ರೋಗಿಯೊಬ್ಬರಿಗೆ ಕೊಟ್ಟರು. ನಾಲ್ಕು ತಿಂಗಳೊಳಗೆ ಆತ ಮನೆ ಸೇರಿ, ಹಳೆಯ ಕೆಲಸಕ್ಕೂ ಮರಳಿದರು.

ಈ ಕತೆಯನ್ನು ಇಲ್ಲಿಗೇ ಮುಗಿಸಿ ಚಪ್ಪಾಳೆ ತಟ್ಟುವ ಲೇಖನಗಳನ್ನು ಓದಿ ನನಗೆ ಬೇಸರವಾಗಿದೆ. ಆ ರೋಗಿ ಮಾತ್ರೆ ಬಿಟ್ಟರು, ಉನ್ಮಾದ ಮರುಕಳಿಸಿತು, ಮತ್ತೆ ಲಿಥಿಯಂ ಶುರುವಾಯಿತು. 1950ರಲ್ಲಿ ಆತ ಸತ್ತದ್ದು ಲಿಥಿಯಂ ನಂಜಿನಿಂದಲೇ.

ಅದೇ ಡೋಸು ನಂಜಾಗುವುದಕ್ಕೆ ಕಾರಣ ಕಿಡ್ನಿಯಲ್ಲಿದೆ. ಮೂಲವಸ್ತುಗಳ ಪಟ್ಟಿಯಲ್ಲಿ ಲಿಥಿಯಂ ಇರುವುದು ಸೋಡಿಯಂನ ತಲೆಯ ಮೇಲೆಯೇ, ಇಬ್ಬರೂ ಅಣ್ಣತಮ್ಮಂದಿರು. ಬೆವರು, ವಾಂತಿ, ಭೇದಿಯಿಂದ ಮೈಯ ಉಪ್ಪು ನೀರು ಕಡಿಮೆಯಾದಾಗ ಕಿಡ್ನಿ ಸೋಡಿಯಂ ಅನ್ನು ಹೊರಹೋಗಲು ಬಿಡದೆ ಒಳಕ್ಕೆಳೆದುಕೊಳ್ಳುತ್ತದೆ. ಅಣ್ಣ ಯಾರು, ತಮ್ಮ ಯಾರು ಎಂಬುದು ಅದಕ್ಕೆ ಗೊತ್ತಾಗದೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ನುಂಗಿದ ಡೋಸು ಅಷ್ಟೇ ಇದ್ದರೂ ರಕ್ತದಲ್ಲಿ ಮಟ್ಟ ಏರುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯೂ ಇದೇ ಕೆಲಸ ಮಾಡುತ್ತದೆ.

ಈ ಮಟ್ಟವನ್ನು ಅಳೆಯಲು ದಾರಿ ತೋರಿಸಿದ್ದು ಬೆಂಕಿ. ಉಪ್ಪು ಬಿದ್ದರೆ ಜ್ವಾಲೆ ಹಳದಿ, ಲಿಥಿಯಂ ಬಿದ್ದರೆ ಕಡುಗೆಂಪು. ಆ ಕೆಂಪನ್ನು ಅಳೆದರೆ ರಕ್ತದಲ್ಲಿ ಎಷ್ಟಿದೆ ಎಂದು ತಿಳಿಯುತ್ತದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಟ್ರಾಟ್ನರ್ ಈ ಅಳತೆಯನ್ನು ರೋಗಿಗಳ ಹಾಸಿಗೆಯ ಬಳಿಗೆ ತಂದರು. ಕೇಡ್‌ಗೆ ಸಿಕ್ಕಷ್ಟು ಹೆಸರು ಇವರಿಗೆ ಸಿಗಲಿಲ್ಲ, ಅದು ಅನ್ಯಾಯ.

ಇಷ್ಟು ಅಪಾಯವಿದ್ದರೂ ಮಾತ್ರೆ ಬಿಡಬಾರದೇಕೆ ಎಂದು ತೋರಿಸಿದ್ದು ಡೆನ್ಮಾರ್ಕಿನ ಮೊಗೆನ್ಸ್ ಶೌ ಮತ್ತು ಪೌಲ್ ಬಾಸ್ಟ್ರುಪ್; ಅವರದ್ದು ಇನ್ನೊಂದು ಸಾಹಸ. ಲಿಥಿಯಂ ಕಾಯಿಲೆ ಮರುಕಳಿಸದಂತೆ ತಡೆಯುತ್ತದೆ ಎಂಬುದು ಬರೀ ಭ್ರಮೆ ಎಂದು ಲಂಡನ್ನಿನ ವೈದ್ಯರು 1968ರಲ್ಲಿ ಟೀಕಿಸಿದ್ದರು. ಶೌ, ಬಾಸ್ಟ್ರುಪ್ ನಡೆಸಿದ 1970ರ ಪ್ರಯೋಗದಲ್ಲಿ, ಲಿಥಿಯಂ ಮೇಲೆ ನೆಮ್ಮದಿಯಾಗಿದ್ದ 84 ಮಹಿಳೆಯರ ಪೈಕಿ 39 ಮಂದಿಗೆ ಗುಟ್ಟಾಗಿ ಖಾಲಿ ಮಾತ್ರೆ ಕೊಡಲಾಯಿತು. ಐದು ತಿಂಗಳಲ್ಲಿ ಅವರಲ್ಲಿ 21 ಮಂದಿ ಮತ್ತೆ ಕಾಯಿಲೆ ಬಿದ್ದರು. ಲಿಥಿಯಂ ಮುಂದುವರಿಸಿದ 45ರಲ್ಲಿ ಒಬ್ಬರೂ ಬೀಳಲಿಲ್ಲ. ಟೀಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ, ಆ 21 ಮಂದಿ ಅದಕ್ಕೆ ತೆತ್ತ ಬೆಲೆಯನ್ನು ಮರೆಯಲೂ ಆಗುವುದಿಲ್ಲ.

ಹಾಗಾಗಿ ತಾಯಿ, ರಾತ್ರಿಯ ಮಾತ್ರೆ ನುಂಗಿ ಸರಿಯಾಗಿ ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಿಸಿ. ಸಾಮಾನ್ಯವಾಗಿ ಬೇಕಾದ ಮಟ್ಟ ಲೀಟರಿಗೆ 0.6ರಿಂದ 1.0 ಮಿಲಿಮೋಲ್, 1.5ರ ಆಚೆ ಅಪಾಯ. ಮಾತ್ರೆಯನ್ನು ತಾವಾಗಿಯೇ ಬಿಡಿಸಬೇಡಿ. ಆದರೆ ಮಗನಿಗೆ ವಾಂತಿಭೇದಿಯಾದರೆ, ನಡಿಗೆ ತೂರಾಡಿದರೆ, ಕಾಫಿ ಲೋಟ ತುಳುಕುವಷ್ಟು ಕೈ ನಡುಗಿದರೆ, ಮುಂದಿನ ಡೋಸಿಗೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ.